ಹದಿನಾಲ್ಕು ಇಂಚು ಸಾಕೇ?

ತೋಟದ ಮನೆಗಳಲ್ಲಿ ಕತ್ತಿ, ಕೊಡಲಿ, ಗರಗಸಗಳು ತಲೆಮಾರುಗಳಿಂದ ಮನೆಯ ಜೊತೆಗೇ ಬಂದಿರುತ್ತವೆ. ಅವುಗಳಲ್ಲಿ ಯಾವುದು ಒಳ್ಳೆಯದೆಂದು ಅಂಗಡಿಯ ಮುಂದೆ ನಿಂತು ತಲೆ ಕೆರೆದುಕೊಳ್ಳುವ ಕಷ್ಟ ಯಾರಿಗೂ ಇಲ್ಲ. ಮರ ಕೊಯ್ಯುವ ಮಷೀನು, ಅಂದರೆ ಚೈನ್‌ಸಾ, ಹಾಗಲ್ಲ. ಅದನ್ನು ನೋಡಿ, ಕೇಳಿ, ಚೌಕಾಸಿ ಮಾಡಿ ತರಬೇಕು, ಮತ್ತು ಮೊದಲ ಸಲ ತರಲು ಹೊರಟವನಿಗೆ ಅದರ ಬಣ್ಣದ ಹೊರತು ಬೇರೇನೂ ತಿಳಿದಿರುವುದಿಲ್ಲ. ಮಲೆನಾಡಿನಲ್ಲಿ ಈ ಆಸೆ ಚಿಗುರುವುದು ಸಾಮಾನ್ಯವಾಗಿ ಪುನರ್ವಸು ಮಳೆಯ ಹೊತ್ತಿಗೆ. ಗಾಳಿಗೆ ಧರೆಯ ಮೇಲಿನ ಅಕೇಶಿಯಾ ಬುಡಸಮೇತ ಕಿತ್ತು ದಾರಿಗೆ ಅಡ್ಡ ಬಿದ್ದಿರುತ್ತದೆ, ಕರೆಂಟು ಹೋಗಿರುತ್ತದೆ, ಊರಿಗೊಬ್ಬನಿರುವ ಮಷೀನಿನವನು ಇನ್ನೂ ಯಾರದೋ ಕೊಟ್ಟಿಗೆಯ ಮೇಲಿನ ಹಲಸಿನ ಮರ ಬಿಡಿಸುತ್ತಿರುತ್ತಾನೆ. ಅವನು ಬರುವವರೆಗೆ ಹಾಲಿನ ಕ್ಯಾನು ಹೊತ್ತವರೂ ಶಾಲೆಯ ಮಕ್ಕಳೂ ಆ ಮರವನ್ನು ಹತ್ತಿ ಇಳಿದೇ ಹೋಗಬೇಕು. ಆಗ ಮನೆಯ ಯಜಮಾನನ ಬಾಯಿಂದ ಆ ಮಾತು ಹೊರಬೀಳುತ್ತದೆ: ನಮ್ಮದೇ ಒಂದು ಇದ್ದರೆ?

ಅಂಗಡಿಗೆ ಹೋದವರ ಕಣ್ಣು ಮೊದಲು ಹೋಗುವುದು ಬಾರಿನ, ಅಂದರೆ ಚೈನು ಸುತ್ತಿ ಓಡುವ ಕಬ್ಬಿಣದ ಪಟ್ಟಿಯ, ಉದ್ದಕ್ಕೆ. ಗೋಡೆಗೆ ಸಾಲಾಗಿ ತೂಗುಹಾಕಿದ ಮಷೀನುಗಳಲ್ಲಿ 12 ಇಂಚಿನಿಂದ 22 ಇಂಚಿನವರೆಗೆ ಬಾರುಗಳಿರುತ್ತವೆ, ಮತ್ತು ವಿಚಿತ್ರವೆಂದರೆ ಉದ್ದದ್ದು ಎಷ್ಟೋ ಸಲ ಅಗ್ಗ. ಹೆಸರಿಲ್ಲದ 58 ಸಿಸಿಯ, 22 ಇಂಚು ಬಾರಿನ ಮಷೀನಿನ ಬೆಲೆಗೆ ಹೆಸರಿರುವ ಕಂಪನಿಯ 14 ಇಂಚಿನದು ಸಿಗುವುದಿಲ್ಲ. ನಮ್ಮ ನೆರೆಯವರು ಕೊಳ್ಳಲು ಹೋದಾಗ ಜೊತೆಗೆ ಹೋಗಿದ್ದೆ, ಅಂಗಡಿಯವನು ನಿಜವಾದ ಕಳಕಳಿಯಿಂದಲೇ ಕೇಳಿದ: "ಭಟ್ರೇ, ಇದಕ್ಕಿಂತ ಕಡಿಮೆಗೆ ಇಪ್ಪತ್ತೆರಡು ಇಂಚಿಂದು ಕೊಡ್ತೆ. ಹದಿನಾಲ್ಕು ತಗಂಡು ಎಂತ ಮಾಡ್ತ್ರಿ?" ಭಟ್ಟರು ಬೆಟ್ಟದ ಅತಿ ದಪ್ಪ ಮತ್ತಿಮರವನ್ನು ನೆನೆದುಕೊಂಡು ಒಂದು ಕ್ಷಣ ತೂಗಾಡಿದರು.

ಆ ಮತ್ತಿಮರದಿಂದಲೇ ಎಲ್ಲ ತೊಂದರೆ. ಕೊಳ್ಳುವಾಗ ಮನಸ್ಸಿನಲ್ಲಿರುವುದು ಆ ಒಂದು ಮರ. ಕೊಂಡ ಮೇಲೆ ಕೊಯ್ಯುವುದು ಬಚ್ಚಲೊಲೆಯ ಸೌದೆ, ಮುರಿದು ಬಿದ್ದ ಸಿಲ್ವರ್ ಓಕಿನ ಕೊಂಬೆ, ಬೇಲಿಯ ಗೂಟ, ಸತ್ತ ಅಡಿಕೆಮರದ ತುಂಡು. ಇವುಗಳಲ್ಲಿ ಹೆಚ್ಚಿನವು ಒಂದು ಗೇಣಿಗಿಂತ ದಪ್ಪವಿರುವುದಿಲ್ಲ. 30ರಿಂದ 35 ಸಿಸಿಯ ಎಂಜಿನ್ನು 14 ಇಂಚಿನ ಬಾರನ್ನು ಆಯಾಸವಿಲ್ಲದೆ ಎಳೆಯುತ್ತದೆ, ಮತ್ತು ಬಿದ್ದ ಮರ ಅದಕ್ಕಿಂತ ದಪ್ಪವಿದ್ದರೆ ಎರಡೂ ಮಗ್ಗುಲಿನಿಂದ ಕೊಯ್ದು ಮುಗಿಸಬಹುದು. ಉದ್ದದ ಬಾರಿಗೆ ದೊಡ್ಡ ಎಂಜಿನ್ನು ಬೇಕು, ದೊಡ್ಡ ಎಂಜಿನ್ನಿಗೆ ತೂಕ. ಬಾರು, ಚೈನು, ಪೆಟ್ರೋಲು ಬಿಟ್ಟು ಚಿಕ್ಕದು ಸುಮಾರು 4 ಕಿಲೋ ತೂಗಿದರೆ ದೊಡ್ಡದು ಐದೂವರೆ, ಆರರ ಹತ್ತಿರ ಹೋಗುತ್ತದೆ. ಅಂಗಡಿಯ ನೆಲದ ಮೇಲೆ ನಿಂತು ಎತ್ತಿದವನಿಗೆ ಈ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಜಾರುವ ಧರೆಯ ಮೇಲೆ, ಕಾಲಿಗೆ ಉಂಬಳ ಹತ್ತುತ್ತಿರುವಾಗ, ಅರ್ಧ ಗಂಟೆ ಹಿಡಿದವನ ಸೊಂಟಕ್ಕೆ ಬರುತ್ತದೆ. ಆದರೂ ನಾವು ಪುಣ್ಯವಂತರೇ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ತಯಾರಿಸಿದ ವಿದ್ಯುತ್ ಗರಗಸ 64 ಕಿಲೋ ಇತ್ತು, ಹಿಡಿಯಲು ಇಬ್ಬರು ಬೇಕಿತ್ತು. ಒಬ್ಬನೇ ಹಿಡಿದು ಕೊಯ್ಯಬಹುದಾದ ಪೆಟ್ರೋಲ್ ಮಷೀನು ಅವನ ಕಾರ್ಖಾನೆಯಿಂದ ಹೊರಬಂದದ್ದು 1950ರಲ್ಲಿ.

ಅಂಗಡಿಯವನು ಎಂಜಿನ್ನಿನ ಶಕ್ತಿಯನ್ನು ಎಷ್ಟು ಹೊಗಳಿದರೂ ಮರ ಕೊಯ್ಯುವುದು ಚೈನಿನ ಹಲ್ಲು. ಇಂದಿನ ಹಲ್ಲಿನ ಆಕಾರಕ್ಕೆ ಒಂದು ಹುಳು ಕಾರಣ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಅಮೆರಿಕದ ಆರೆಗಾನ್ ಸೀಮೆಯಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ 1946ರಲ್ಲಿ ಒಂದು ಮರದ ಬುಡದಲ್ಲಿ ದುಂಬಿಯ ಮರಿಹುಳು ಕುಳಿತು ಉಣ್ಣುವುದನ್ನು ನೋಡಿದ. ಅದು ದವಡೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ಗಟ್ಟಿ ಮರವನ್ನು ಸಲೀಸಾಗಿ ಕೆತ್ತುತ್ತಿತ್ತು. ಅದೇ ರೀತಿಯಲ್ಲಿ ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿದ ಹಲ್ಲುಗಳ ಚೈನನ್ನು ಅವನು ಮಾಡಿದ. ಚೈನನ್ನು ಕೈಯಲ್ಲಿ ಹಿಡಿದು ನೋಡಿದರೆ ಈಗಲೂ ಆ ದವಡೆ ಕಾಣುತ್ತದೆ: ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಗುಬುಟು, ಅದು ಎಷ್ಟು ಆಳ ಕಚ್ಚಬೇಕೆಂದು ಗೊತ್ತುಮಾಡುತ್ತದೆ, ಅದರ ಹಿಂದೆ ಬಾಗಿದ ಅಲಗು, ಅದು ಎಬ್ಬುತ್ತದೆ. ಹರಿತವಾಗಿದ್ದರೆ ಚಕ್ಕೆ ಹಾರುತ್ತದೆ, ಮೊಂಡಾಗಿದ್ದರೆ ಹಿಟ್ಟಿನಂಥ ಪುಡಿ ಉದುರುತ್ತದೆ ಮತ್ತು ಹೊಗೆಯ ವಾಸನೆ ಬರುತ್ತದೆ. ನೆಲಕ್ಕೆ ಬಿದ್ದ ಮರವನ್ನು ಕೊಯ್ಯುವಾಗ ಚೈನು ಒಮ್ಮೆ ಮಣ್ಣು ಮುಟ್ಟಿದರೆ ಸಾಕು, ಹಲ್ಲು ಹೋಯಿತು. ಆದ್ದರಿಂದ ಅದೇ ಬಿಲ್ಲಿನಲ್ಲಿ ಇನ್ನೊಂದು ಚೈನು ಮತ್ತು ಒಂದು ದುಂಡು ಅರ ಬರಬೇಕು. ಚಿಕ್ಕ ಮಷೀನುಗಳಿಗೆ ಬರುವ ತೆಳ್ಳನೆಯ ಚೈನಿಗೆ 4 ಮಿಲಿಮೀಟರಿನ ಅರ ಸರಿಯಾಗುತ್ತದೆ. ಅರವನ್ನು ಸುಮಾರು 30 ಡಿಗ್ರಿ ಓರೆಯಲ್ಲಿ ಹಿಡಿದು, ಒಳಗಿನಿಂದ ಹೊರಗೆ ಮಾತ್ರ ತಳ್ಳುತ್ತ, ಎಲ್ಲ ಹಲ್ಲಿಗೂ ಒಂದೇ ಲೆಕ್ಕದಲ್ಲಿ ಉಜ್ಜಬೇಕು. ಒಂದು ಮಗ್ಗುಲಿಗೆ ಹೆಚ್ಚಾದರೆ ಮಷೀನು ವಕ್ರವಾಗಿ ಕೊಯ್ಯಲು ಶುರುಮಾಡುತ್ತದೆ, ಬೈಗುಳ ತಿನ್ನುವುದು ಕಂಪನಿ.

ಬ್ಯಾಟರಿಯದು ಆಗಬಹುದೇ ಎಂದು ಪೇಟೆಯ ಅಳಿಯಂದಿರು ಕೇಳುತ್ತಾರೆ. ಅಂಗಳದ ದಾಸವಾಳ, ಪೇರಲೆ ಸವರಲು ಧಾರಾಳವಾಗಿ ಆಗುತ್ತದೆ. ಗದ್ದಲ ಕಡಿಮೆ, ಗುಂಡಿ ಒತ್ತಿದರೆ ಓಡುತ್ತದೆ. ಆದರೆ ಅದು ನಮಗೆ ಬೇಕಾಗುವುದು ಕಂಬ ಮುರಿದು ದಿನಗಟ್ಟಲೆ ಕರೆಂಟು ಇಲ್ಲದಾಗ. ಪೆಟ್ರೋಲಿನದಕ್ಕೆ ಬೇರೆ ರಗಳೆ: ಪೆಟ್ರೋಲಿಗೆ 2ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಬೆರೆಸಿಯೇ ಹಾಕಬೇಕು, ಒಳ್ಳೆಯ ಆಯಿಲಾದರೆ 1 ಲೀಟರಿಗೆ 20 ಮಿಲಿಲೀಟರ್, ಮಷೀನಿನ ಪುಸ್ತಕ ಬೇರೆ ಹೇಳಿದರೆ ಅದರಂತೆ. ಬೆರೆಸಲು ಮರೆತರೆ ಪಿಸ್ಟನ್ ಹಿಡಿದುಕೊಳ್ಳುವುದಕ್ಕೆ ಹೆಚ್ಚು ಹೊತ್ತು ಬೇಡ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಇದೆ, ಅದು ತೇವ ಹೀರುತ್ತದೆ; ಆದ್ದರಿಂದ ಕೆಲಸ ಮುಗಿದು ಮಷೀನನ್ನು ಅಟ್ಟಕ್ಕೆ ಹಾಕುವ ಮೊದಲು ಟ್ಯಾಂಕನ್ನು ಖಾಲಿ ಮಾಡಿ, ಉಳಿದದ್ದು ಉರಿದು ತಾನೇ ನಿಲ್ಲುವವರೆಗೆ ಓಡಿಸುವುದು ಒಳ್ಳೆಯದು.

ನಮ್ಮ ಕಡೆ ಈ ಕೆಲಸದ ಸಮವಸ್ತ್ರವೆಂದರೆ ಎತ್ತಿಕಟ್ಟಿದ ಲುಂಗಿ, ಹವಾಯಿ ಚಪ್ಪಲಿ, ಬಾಯಲ್ಲಿ ಕವಳ. ಇದರಲ್ಲಿ ಕವಳವನ್ನು ಮಾತ್ರ ಉಳಿಸಿಕೊಳ್ಳಬಹುದು. ಬಾರಿನ ತುದಿಯ ಮೇಲರ್ಧ ಗಟ್ಟಿಯಾದುದಕ್ಕೆ ತಗುಲಿದರೆ ಮಷೀನು ಕಣ್ಣುಮುಚ್ಚುವಷ್ಟರಲ್ಲಿ ಹಿಂದಕ್ಕೆ, ಮುಖದ ಕಡೆಗೇ ಚಿಮ್ಮುತ್ತದೆ. ಮುಂದಿನ ಹಿಡಿಯ ಎದುರು ಇರುವ ತಡೆ ಬರಿಯ ಕೈಗಾಪಲ್ಲ, ಅದೇ ಚೈನಿನ ಬ್ರೇಕು. ಅದು ಇಲ್ಲದ ಅಥವಾ ಸಡಿಲವಾಗಿರುವ ಮಷೀನು ಪುಕ್ಕಟೆ ಕೊಟ್ಟರೂ ಬೇಡ. ಎಡಗೈಯ ಹೆಬ್ಬೆರಳು ಮುಂದಿನ ಹಿಡಿಯನ್ನು ಕೆಳಗಿನಿಂದ ಸುತ್ತಿ ಹಿಡಿದಿರಬೇಕು. ಸದ್ದು 100 ಡೆಸಿಬಲ್ ದಾಟುವುದರಿಂದ ಕಿವಿಮುಚ್ಚುಗೆಯೂ ಬೇಕು, ಮುಖಕ್ಕೆ ಜಾಲರಿಯ ಹೆಲ್ಮೆಟ್ಟೂ ಬೇಕು, ಕಾಲಿಗೆ ಬೂಟೂ ಬೇಕು. ಇವುಗಳ ದುಡ್ಡನ್ನು ಮೊದಲೇ ತೆಗೆದಿಟ್ಟು ಉಳಿದುದರಲ್ಲಿ ಮಷೀನು ಹುಡುಕಿದರೆ 22 ಇಂಚಿನ ಆಸೆ ತಾನಾಗಿಯೇ ಅರ್ಧ ಇಳಿಯುತ್ತದೆ.

ನಿಂತ ಮರವನ್ನು ಬೀಳಿಸುವ ಕೆಲಸ ಊರ ಮಷೀನಿನವನಿಗೇ ಇರಲಿ; ಅವನಿಗೆ ಮರ ಯಾವ ಕಡೆ ವಾಲುತ್ತದೆಂದು ಓದಲು ಬರುತ್ತದೆ. ಕಾನೂನಿನ ವಿಷಯವೂ ಇದೆ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಸ್ವಂತ ಜಾಗದ ಮರವಾದರೂ ಕಡಿಯುವ ಮುನ್ನ ವೃಕ್ಷಾಧಿಕಾರಿಯ ಅನುಮತಿ ಬೇಕು, ಸಿಲ್ವರ್ ಓಕ್, ತೆಂಗು, ನೀಲಗಿರಿ, ಗಾಳಿಮರಗಳಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಭಟ್ಟರ ಮತ್ತಿಮರ ಆ ಪಟ್ಟಿಯಲ್ಲಿ ಇಲ್ಲ ಎಂದು ನೆನಪಿಸಿದ ಮೇಲೆ ಅವರ ಕೈ 14 ಇಂಚಿನದರ ಕಡೆಗೆ ತಿರುಗಿತು.

ಯಾವ ಕಂಪನಿ ಎಂದು ಕೇಳುವವರಿಗೆ ನಾನು ಹೇಳುವುದು, ಹದಿನೈದು ಇಪ್ಪತ್ತು ಕಿಲೋಮೀಟರಿನೊಳಗೆ ಯಾರ ಬಳಿ ಕಾರ್ಬುರೇಟರ್ ಬಿಚ್ಚುವ ಹುಡುಗನೂ ಬಿಡಿಭಾಗಗಳೂ ಇವೆಯೋ ಆ ಕಂಪನಿ. ದುಡ್ಡು ಎಣಿಸುವ ಮೊದಲು ಅಂಗಡಿಯ ಮುಂದೆಯೇ ಮಷೀನನ್ನು ಚಾಲೂ ಮಾಡಿಸಬೇಕು. ತಣ್ಣಗಿರುವಾಗ ಹಗ್ಗ ಎಳೆದರೆ ಎಷ್ಟು ಸಲಕ್ಕೆ ಹತ್ತುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಚೈನು ನಿಂತಿರುತ್ತದೆಯೇ, ಬ್ರೇಕು ತಳ್ಳಿದ ಕೂಡಲೇ ಕಚ್ಚುತ್ತದೆಯೇ ಎಂದು ನೋಡಿ, ಕೊನೆಗೆ ಬಾರಿನ ತುದಿಯನ್ನು ಒಂದು ರಟ್ಟಿನ ಹತ್ತಿರ, ತಾಗದಂತೆ ಹಿಡಿದು ಜೋರಾಗಿ ಓಡಿಸಬೇಕು. ಚೈನಿಗೆ ಆಯಿಲು ಬರುತ್ತಿದ್ದರೆ ರಟ್ಟಿನ ಮೇಲೆ ಸಣ್ಣದೊಂದು ಎಣ್ಣೆಗೆರೆ ಬೀಳುತ್ತದೆ. ಗೆರೆ ಬೀಳದಿದ್ದರೆ ಪಂಪನ್ನು ಅಲ್ಲೇ ಬಿಚ್ಚಿಸಿ ನೋಡಬೇಕು. ಬಿಲ್ಲು ಬರೆಸುವುದು ಆಮೇಲೆ.