ಸತ್ಯಾಂಶ: ಸೀಟು ಸಿಕ್ಕ ಮಾತ್ರಕ್ಕೆ ಫೀಸು ಮನ್ನಾ ಆಗದು

‘ಅಮೆರಿಕದಲ್ಲಿ ಕಾಲೇಜ್ ಸ್ಟೂಡೆಂಟ್ ಅಫೇರ್ಸ್ (ಕಾಲೇಜು ವಿದ್ಯಾರ್ಥಿಗಳ ವಸತಿ, ಸಂಘಗಳಂಥ ತರಗತಿಯಾಚೆಯ ವ್ಯವಸ್ಥೆ ನಡೆಸುವ ಓದು) ಸ್ನಾತಕೋತ್ತರಕ್ಕೆ ಸೀಟು ಸಿಕ್ಕರೆ ಸಾಕು, ಫೀಸು ಮನ್ನಾ, ಮೇಲೆ ಸಂಬಳ’ ಎಂಬ ವಾಟ್ಸ್ಆ್ಯಪ್ ಸಂದೇಶ ಅರ್ಧ ನಿಜ. ಈ ಎರಡೂ ಬರುವುದು ಅಸಿಸ್ಟೆಂಟ್‌ಶಿಪ್‌ನಿಂದ: ಹಾಸ್ಟೆಲ್, ವಿದ್ಯಾರ್ಥಿ ಸಂಘಗಳಂಥ ವಿಭಾಗಗಳಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ ಕೆಲಸ. ಅನೇಕ ಕಡೆ ಇದಕ್ಕೆ ಬೇರೆಯೇ ಅರ್ಜಿ, ಬೇರೆಯೇ ಸಂದರ್ಶನ. ಪ್ರವೇಶದ ಅರ್ಜಿಯೊಂದನ್ನೇ ಹಾಕಿದವರು ಎಡವುವುದು ಇಲ್ಲೇ. ಕೊನೆಯ ದಿನಾಂಕ ಹೆಚ್ಚಾಗಿ ಡಿಸೆಂಬರ್–ಜನವರಿಯಲ್ಲಿರುತ್ತದೆ. ಪ್ರತಿ ವಿಭಾಗದ ಪುಟವನ್ನೂ ಪ್ರತ್ಯೇಕವಾಗಿ ನೋಡಿಕೊಳ್ಳಿ.

ಎಫ್-1 (ವಿದ್ಯಾರ್ಥಿ) ವೀಸಾದವರಿಗೆ ತರಗತಿಗಳ ಅವಧಿಯಲ್ಲಿ ಕ್ಯಾಂಪಸ್ ಕೆಲಸಕ್ಕೆ ವಾರಕ್ಕೆ 20 ಗಂಟೆಯೇ ಮಿತಿ. ಹಾಗಾಗಿ ಇನ್ನೊಂದು ಕೆಲಸ ಹಿಡಿದು ಖರ್ಚು ಸರಿದೂಗಿಸುವ ಲೆಕ್ಕ ಬೇಡ.

ಆಫರ್ ಪತ್ರ ಬಂದಾಗ ಮನ್ನಾ ಎಷ್ಟು ಕ್ರೆಡಿಟ್‌ಗೆ (ಕೋರ್ಸಿನ ಓದನ್ನು ಅಳೆಯುವ ಘಟಕ), ಆರೋಗ್ಯ ವಿಮೆ ಮತ್ತು ಕ್ಯಾಂಪಸ್ ಶುಲ್ಕ ಸೇರಿವೆಯೇ, ಎರಡನೇ ವರ್ಷಕ್ಕೂ ಮುಂದುವರಿಯುತ್ತದೆಯೇ ಎಂದು ಲಿಖಿತವಾಗಿ ಕೇಳಿ. ಉಳಿದ ಖರ್ಚಿಗೆ ಬ್ಯಾಂಕ್ ದಾಖಲೆ ತೋರಿಸದೆ ಐ-20 (ವಿದ್ಯಾರ್ಥಿ ವೀಸಾಕ್ಕೆ ಬೇಕಾದ, ವಿಶ್ವವಿದ್ಯಾಲಯ ಕೊಡುವ ಪತ್ರ) ಸಿಗದು.