ಎರಡು ಲಾಂಛನದ ಪದವಿ ಮತ್ತು 48ನೇ ಕ್ರೆಡಿಟ್

ವಿದೇಶಿ ವಿಶ್ವವಿದ್ಯಾಲಯದ ಜೊತೆ ಕೈಜೋಡಿಸಿ ಜಂಟಿ ಪದವಿ ಕೊಡುವುದು ಈಗ ಬಹಳ ಸುಲಭ. 2022ರ ಮೇ ತಿಂಗಳಲ್ಲಿ ಬಂದ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಾವಳಿಯ ಪ್ರಕಾರ, ಅರ್ಹತೆ ಇರುವ ಸಂಸ್ಥೆ ದೆಹಲಿಯ ಅಪ್ಪಣೆಗೆ ಕಾಯಬೇಕಿಲ್ಲ. ಒಪ್ಪಂದಪತ್ರಕ್ಕೆ (ಎಂಒಯು) ಸಹಿ ಹಾಕಿ, ಕಡತ ಅದಲುಬದಲು ಮಾಡಿಕೊಂಡು, ಬಂದವರಿಗೆ ಮೈಸೂರು ಪೇಟ ತೊಡಿಸಿ ಫೋಟೊ ತೆಗೆಸಿದರೆ ಆಯಿತು. ಪೇಟ ಮತ್ತು ಫೋಟೊದ ಮಾತು ನಿಯಮಾವಳಿಯಲ್ಲಿಲ್ಲ. ಆದರೆ ಇಡೀ ವ್ಯವಹಾರದಲ್ಲಿ ಲೋಪವಿಲ್ಲದೆ, ಸಮಯಕ್ಕೆ ಸರಿಯಾಗಿ ಮುಗಿಯುವ ಕೆಲಸ ಅದೊಂದೇ.

ಗುಣಮಟ್ಟದ ಗತಿಯೇನು ಎಂದು ಕೇಳಬೇಡಿ, ಅದಕ್ಕೆ ಅಂಕಿಗಳಿವೆ. ನಮ್ಮ ಸಂಸ್ಥೆಗೆ ಗುಣಮಟ್ಟ ಅಳೆದು ಅಂಕ ಕೊಡುವ ನ್ಯಾಕ್‌ನಲ್ಲಿ ಕನಿಷ್ಠ 3.01 ಇರಬೇಕು, ಇಲ್ಲವೇ ಕೇಂದ್ರದ ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್‌ನ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಮೊದಲ 100ರೊಳಗೆ ಇರಬೇಕು, ಅದೂ ಇಲ್ಲದಿದ್ದರೆ ‘ಇನ್‌ಸ್ಟಿಟ್ಯೂಷನ್ ಆಫ್ ಎಮಿನೆನ್ಸ್’ ಎಂಬ ಬಿರುದಾದರೂ ಇರಬೇಕು. 3.00 ಬಂದವರು ಮನೆಯಲ್ಲೇ ಇರಿ, 3.01 ಬಂದವರು ವಿಮಾನ ಹತ್ತಿ. ಈ 01 ಎಷ್ಟು ಪವಿತ್ರ ಎಂಬುದನ್ನು ಅಳೆಯುವವರೇ ತೋರಿಸಿಕೊಟ್ಟಿದ್ದಾರೆ. 2025ರ ಫೆಬ್ರುವರಿಯಲ್ಲಿ ಸಿಬಿಐ ನ್ಯಾಕ್ ಪರಿಶೀಲನಾ ತಂಡದವರನ್ನು ಬಂಧಿಸಿದಾಗ, ಒಳ್ಳೆಯ ಶ್ರೇಣಿಗಾಗಿ ನಗದು, ಚಿನ್ನ, ಮೊಬೈಲ್, ಲ್ಯಾಪ್‌ಟಾಪ್ ಕೈಬದಲಾಯಿತು ಎಂಬುದು ಆರೋಪವಾಗಿತ್ತು. ಇನ್ನೊಂದು ಕಡೆ, ಈ ಶ್ರೇಣಿ ಪದ್ಧತಿಯನ್ನೇ ಕೈಬಿಟ್ಟು ‘ಮಾನ್ಯ’ ಅಥವಾ ‘ಮಾನ್ಯವಲ್ಲ’ ಎಂದಷ್ಟೇ ಹೇಳುತ್ತೇವೆ ಎಂದು 2024ರ ಜನವರಿಯಲ್ಲೇ ಘೋಷಣೆಯಾಗಿದೆ. ಹಾಗಾದ ದಿನ 3.01 ಎಲ್ಲಿಂದ ತರಬೇಕೋ ದೇವರೇ ಬಲ್ಲ.

ವಿದೇಶಿ ಸಂಸ್ಥೆಗೆ ಇನ್ನೂ ಸಲೀಸು. ಟೈಮ್ಸ್ ಅಥವಾ ಕ್ಯುಎಸ್ ಎಂಬ ಜಾಗತಿಕ ರ‍್ಯಾಂಕಿಂಗ್‌ನಲ್ಲಿ ಮೊದಲ 1,000ದೊಳಗೆ ಇದ್ದರೆ ಸಾಕು. ಟೈಮ್ಸ್ ಪಟ್ಟಿಯಲ್ಲಿ ಕೆಳಗಿನ ಸಾಲಿನವರಿಗೆ ಒಂಟಿ ಸ್ಥಾನ ಕೊಡುವುದೇ ಇಲ್ಲ. 801–1000 ಎಂದು ಒಟ್ಟಿಗೆ ಕೂರಿಸುತ್ತಾರೆ. ಕ್ಯುಎಸ್‌ನಲ್ಲಿ ಅಂಕದ ಶೇ 45 ಭಾಗ ಬರುವುದು ಪ್ರಾಧ್ಯಾಪಕರು ಮತ್ತು ಉದ್ಯೋಗದಾತರು ಏನಂದುಕೊಂಡಿದ್ದಾರೆ ಎಂಬ ಸಮೀಕ್ಷೆಯಿಂದ. ಮೇಲಾಗಿ ರ‍್ಯಾಂಕ್ ಇಡೀ ವಿಶ್ವವಿದ್ಯಾಲಯದ್ದು. ಅಲ್ಲಿಯ ಕ್ಯಾನ್ಸರ್ ಸಂಶೋಧಕರು ಹಗಲೂ ರಾತ್ರಿ ದುಡಿದು ಗಳಿಸಿದ ಸ್ಥಾನದ ಬಲದ ಮೇಲೆ ಅಲ್ಲಿಯ ವಾಣಿಜ್ಯ ವಿಭಾಗ ನಮ್ಮ ಜೊತೆ ಬಿಬಿಎ ನಡೆಸಬಹುದು. ಆ ವಿಭಾಗಕ್ಕೆ ಅಧ್ಯಾಪಕರು ಇದ್ದಾರೋ ಇಲ್ಲವೋ ಎಂಬುದು ರ‍್ಯಾಂಕಿಂಗ್ ಕೇಳುವ ಪ್ರಶ್ನೆಯಲ್ಲ.

ಇರಲಿ, ಅರ್ಹತೆ ಸಿಕ್ಕಿತು ಎಂದುಕೊಳ್ಳೋಣ. ಮುಂದೆ ಬರುವುದು ಶೇ 30.

ನಿಯಮಾವಳಿಯಲ್ಲಿ ಮೂರು ಬಗೆಯ ಪದವಿಗಳಿವೆ. ಟ್ವಿನ್ನಿಂಗ್‌ನಲ್ಲಿ ವಿದೇಶದ ಕ್ರೆಡಿಟ್ (ಓದಿನ ಪ್ರಮಾಣ ಅಳೆಯುವ ಮಾನ) ಶೇ 30 ಮೀರಬಾರದು, ಪದವಿ ಕೊಡುವವರು ನಾವೊಬ್ಬರೇ. ಜಂಟಿ ಪದವಿಯಲ್ಲಿ ಎರಡೂ ಕಡೆ ಕನಿಷ್ಠ ಶೇ 30 ಗಳಿಸಬೇಕು, ಪ್ರಮಾಣಪತ್ರ ಒಂದೇ, ಲಾಂಛನ ಎರಡು. ಡ್ಯುಯಲ್‌ನಲ್ಲಿ ಪ್ರಮಾಣಪತ್ರಗಳೇ ಎರಡು. 160 ಕ್ರೆಡಿಟ್‌ಗಳ ನಾಲ್ಕು ವರ್ಷದ ಕೋರ್ಸ್‌ನಲ್ಲಿ ಶೇ 30 ಎಂದರೆ 48. ವಿದೇಶದಲ್ಲಿ 47 ಗಳಿಸಿದ ಹುಡುಗಿ ಅಪ್ಪಟ ಸ್ವದೇಶಿ. 49 ಗಳಿಸಿದವಳು ಅಂತರರಾಷ್ಟ್ರೀಯ. ಸರಿಯಾಗಿ 48ಕ್ಕೆ ನಿಂತವಳು ಎರಡೂ ಹೌದು. ಅವಳನ್ನು ಯಾವ ಬುಟ್ಟಿಗೆ ಹಾಕಬೇಕೆಂದು ತೀರ್ಮಾನಿಸಲು ಒಂದು ಉಪಸಮಿತಿ ಬೇಕಾಗುತ್ತದೆ, ಉಪಸಮಿತಿಗೆ ಟಿಎ, ಡಿಎ ಬೇಕಾಗುತ್ತದೆ.

ಈ 48ನ್ನು ಎಣಿಸುವುದು ಹೇಗೆ ಎನ್ನುವಲ್ಲಿಂದ ನಿಜವಾದ ಮನರಂಜನೆ ಶುರು. ಯುರೋಪಿನಲ್ಲಿ ಒಂದು ವರ್ಷದ ಓದಿಗೆ 60 ಇಸಿಟಿಎಸ್ (ಅಲ್ಲಿಯ ಸಾಮಾನ್ಯ ಕ್ರೆಡಿಟ್ ಪದ್ಧತಿ) ಕ್ರೆಡಿಟ್, ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆಯ ಓದು. ನಮ್ಮ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ವರ್ಷಕ್ಕೆ 40 ಕ್ರೆಡಿಟ್, ಒಂದಕ್ಕೆ 30 ಗಂಟೆ. ವಿದ್ಯಾರ್ಥಿ ಒಂದು ವರ್ಷ ಅಲ್ಲಿ ಓದಿ 60 ಹೊತ್ತು ತಂದ ಎಂದಿಟ್ಟುಕೊಳ್ಳಿ. ವರ್ಷಕ್ಕೆ ವರ್ಷ ಸಮ ಎನ್ನುವ ಗುಮಾಸ್ತರ ಲೆಕ್ಕದಲ್ಲಿ ಅದು 40, ಅಂದರೆ 160ರಲ್ಲಿ ಶೇ 25. ಜಂಟಿ ಪದವಿ ಸಿಗುವುದಿಲ್ಲ. ಗಂಟೆಗೆ ಗಂಟೆ ಸಮ ಎಂದು ಅಲ್ಲಿಯ ಕ್ರೆಡಿಟ್‌ಗೂ 30 ಗಂಟೆ ಹಿಡಿಯುವ ಡೀನ್ ಲೆಕ್ಕದಲ್ಲಿ ಅದು 60 ಆಗಿ ಶೇ 37.5ಕ್ಕೆ ಏರುತ್ತದೆ. ಗಂಟೆಯನ್ನು 25ಕ್ಕೆ ಇಳಿಸಿದರೆ 50 ಆಗುತ್ತದೆ, ಶೇ 31.25, ಕೂದಲೆಳೆಯಲ್ಲಿ ಪಾಸು. ಎರಡು ಇಸಿಟಿಎಸ್‌ಗೆ ಒಂದು ಎಂಬ ಅಮೆರಿಕದ ರೂಢಿಯನ್ನು ಎಲ್ಲೋ ಓದಿಕೊಂಡವರು 30 ಎನ್ನುತ್ತಾರೆ, ಶೇ 18.75. ಅದೇ ಹುಡುಗ, ಅದೇ ಗ್ರಂಥಾಲಯ, ಅದೇ ಚಳಿ. ಅವನಿಗೆ ಎರಡು ಲಾಂಛನದ ಭಾಗ್ಯ ಇದೆಯೋ ಇಲ್ಲವೋ ಎಂಬುದು ಆ ದಿನ ಕಡತ ಯಾರ ಮೇಜಿನ ಮೇಲೆ ಬಿತ್ತು ಎಂಬುದರ ಮೇಲೆ ನಿಂತಿದೆ. ಪರಿವರ್ತನೆಯ ದರವನ್ನು ಎಂಒಯುನಲ್ಲೇ, ವಿಷಯವಾರು ಪಟ್ಟಿ ಮಾಡಿ, ಮೊದಲೇ ಬರೆದುಕೊಂಡರೆ ಈ ರಗಳೆ ಇರುವುದಿಲ್ಲ. ಆದರೆ ಅಂಥ ಅನುಬಂಧ ತಯಾರಿಸಲು ಆರು ತಿಂಗಳು ಹಿಡಿಯುತ್ತದೆ, ಪೇಟ ತೊಡಿಸಲು ಆರು ನಿಮಿಷ.

ಎರಡೂ ಕಡೆಯ ಪಠ್ಯದಲ್ಲಿ ಒಂದೇ ವಿಷಯ ಮರುಕಳಿಸಬಾರದು ಎಂಬ ಷರತ್ತೂ ಇದೆ, ನ್ಯಾಯವಾದದ್ದೇ. ತೊಂದರೆ ಏನೆಂದರೆ ‘ಸಂಶೋಧನಾ ವಿಧಾನ’ ಅಲ್ಲೂ ಕಡ್ಡಾಯ, ಇಲ್ಲೂ ಕಡ್ಡಾಯ. ಅಲ್ಲಿ ಬಿಟ್ಟರೆ ಅವರ ಮಾನ್ಯತೆ ಮಂಡಳಿ ಗುರ‍್ರೆನ್ನುತ್ತದೆ, ಇಲ್ಲಿ ಬಿಟ್ಟರೆ ನಮ್ಮ ಅಧ್ಯಯನ ಮಂಡಳಿ. ಹೀಗಾಗಿ ಒಂದು ಕಡೆ ಅದರ ಹೆಸರು ‘ಸಂಶೋಧನೆಯ ಮೂಲತತ್ವಗಳು’ ಎಂದು ಬದಲಾಗುತ್ತದೆ. ಪಿಪಿಟಿ ಬದಲಾಗುವುದಿಲ್ಲ.

ಕ್ರೆಡಿಟ್ ಜಗಳ ಮುಗಿದ ಮೇಲೆ ಅಂಕಗಳ ಸರದಿ. ಜರ್ಮನಿಯಲ್ಲಿ 1 ಅತ್ಯುತ್ತಮ, 4 ಎಂದರೆ ಜಸ್ಟ್ ಪಾಸ್. ಫ್ರಾನ್ಸಿನಲ್ಲಿ 20ಕ್ಕೆ 10 ಪಾಸ್. ಇಟಲಿಯಲ್ಲಿ 30ಕ್ಕೆ 18, ಆದರೆ ಕೊನೆಯ ಪದವಿ ಅಂಕ 110ಕ್ಕೆ. ಡೆನ್ಮಾರ್ಕ್ ಇವರೆಲ್ಲರನ್ನೂ ಮೀರಿಸಿದೆ: ಅಲ್ಲಿ 12, 10, 7, 4, 02, 00 ಮತ್ತು ಮೈನಸ್ 3. ನೀಟ್‌ನ ನೆಗೆಟಿವ್ ಮಾರ್ಕಿಗೆ ಒಗ್ಗಿಹೋದ ನಮಗೂ ಅಂಕಪಟ್ಟಿಯಲ್ಲೇ ಮೈನಸ್ ಕಂಡರೆ ಎದೆ ಝಲ್ಲೆನ್ನುತ್ತದೆ. ಎರಾಸ್ಮಸ್ ಮುಂಡಸ್ ಎಂಬ ಯುರೋಪಿನ ಜಂಟಿ ಕೋರ್ಸ್‌ನಲ್ಲಿ ಮೂರು ದೇಶ ಸುತ್ತಿ ಫ್ರಾನ್ಸಿನಲ್ಲಿ 16, ಇಟಲಿಯಲ್ಲಿ 27, ಡೆನ್ಮಾರ್ಕಿನಲ್ಲಿ 10 ತೆಗೆದವರು ಮೂರೂ ಕಡೆ ಜಾಣರೇ. ಒಟ್ಟು ಕೂಡಿದರೆ 53. ‘ಸೆಕೆಂಡ್ ಕ್ಲಾಸ್’ ಎಂದು ಬರೆದು ಮೊಹರು ಒತ್ತಿಬಿಡುವ ಆಸೆ ಎಂಥವರಿಗೂ ಬರಬೇಕು.

ಜರ್ಮನರು ಇದಕ್ಕೆ ಸೂತ್ರ ಕಂಡುಹಿಡಿದಿದ್ದಾರೆ, ಹೆಸರು ಪರಿಷ್ಕೃತ ಬವೇರಿಯನ್ ಸೂತ್ರ. ಗರಿಷ್ಠ ಅಂಕದಿಂದ ನೀವು ಪಡೆದದ್ದನ್ನು ಕಳೆಯಿರಿ. ಅದನ್ನು, ಗರಿಷ್ಠದಿಂದ ಪಾಸ್ ಅಂಕ ಕಳೆದು ಬಂದ ಸಂಖ್ಯೆಯಿಂದ ಭಾಗಿಸಿ. 3ರಿಂದ ಗುಣಿಸಿ 1 ಕೂಡಿಸಿ. ಹತ್ತಕ್ಕೆ 7 ಸಿಜಿಪಿಎ ಇರುವ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬಳ ವಿಶ್ವವಿದ್ಯಾಲಯದಲ್ಲಿ 4ಕ್ಕೇ ಪಾಸು, ಅವಳಿಗೆ ಜರ್ಮನ್ ಅಂಕ 2.5. ಇನ್ನೊಬ್ಬಳದು ಬಿಗಿ ಕಟ್ಟುನಿಟ್ಟಿನ ಸಂಸ್ಥೆ, 5 ಬಂದರಷ್ಟೇ ಪಾಸು, ಅವಳಿಗೆ 2.8. ಪ್ರವೇಶದ ಗೆರೆ ಎಷ್ಟೋ ಕಡೆ 2.5. ಅಂದರೆ ಪಾಸು ಮಾಡುವುದರಲ್ಲಿ ಧಾರಾಳಿಯಾದ ವಿಶ್ವವಿದ್ಯಾಲಯದ ಹುಡುಗಿ ಒಳಗೆ, ಬಿಗಿಯಾದ ವಿಶ್ವವಿದ್ಯಾಲಯದವಳು ಹೊರಗೆ. ಗುಣಮಟ್ಟ ಹೆಚ್ಚಿಸಬೇಕೆಂದು ಪಾಸ್ ಅಂಕವನ್ನು ಏರಿಸುವ ಕುಲಪತಿಗಳು ಈ ಸೂತ್ರವನ್ನು ಕೋಣೆಯ ಗೋಡೆಗೆ ಅಂಟಿಸಿಕೊಳ್ಳುವುದು ಒಳ್ಳೆಯದು.

ಇದಕ್ಕಿಂತ ಮರ್ಯಾದಸ್ಥ ದಾರಿಯನ್ನು ಇಸಿಟಿಎಸ್ ಕೈಪಿಡಿಯೇ ಹೇಳಿದೆ. ಪ್ರತಿ ಗ್ರೇಡನ್ನು ಶೇಕಡಾ ಎಷ್ಟು ಮಂದಿ ಪಡೆದರು ಎಂಬ ಕೋಷ್ಟಕವನ್ನು ಎರಡೂ ಸಂಸ್ಥೆಗಳು ಪ್ರಕಟಿಸಬೇಕು. ಅಲ್ಲಿಯ ಮೊದಲ ಹತ್ತು ಪರ್ಸೆಂಟಿನವರು ಇಲ್ಲಿಯ ಮೊದಲ ಹತ್ತು ಪರ್ಸೆಂಟಿಗೆ ಸಮ. ಆದರೆ ಹೀಗೆ ಮಾಡಿದರೆ ನಮ್ಮಲ್ಲಿ ‘ಔಟ್‌ಸ್ಟ್ಯಾಂಡಿಂಗ್’ ಎಷ್ಟು ಮಂದಿಗೆ ಹಂಚಲಾಗಿದೆ ಎಂಬುದು ಊರಿಗೆಲ್ಲ ಗೊತ್ತಾಗುತ್ತದೆ. ಆದ್ದರಿಂದ ಬವೇರಿಯಾವೇ ವಾಸಿ.

ಯುರೋಪಿನವರು ಬುದ್ಧಿವಂತರು ಎಂದು ಭ್ರಮಿಸುವುದೂ ಬೇಡ. ನಾಲ್ಕು ದೇಶಗಳ ಜಂಟಿ ಕೋರ್ಸ್‌ಗೆ ಅಲ್ಲಿ ನಾಲ್ಕು ಮಾನ್ಯತಾ ಸಂಸ್ಥೆಗಳು ಬಂದು, ಅದೇ ಗ್ರಂಥಾಲಯವನ್ನು ನೋಡಿ, ನಾಲ್ಕು ನಮೂನೆಯಲ್ಲಿ ವರದಿ ಬರೆಯುತ್ತಿದ್ದವು. ಒಂದು ದೇಶದ ಮಾನ್ಯತೆಯ ಅವಧಿ ಇನ್ನೊಂದರದಕ್ಕೆ ಹೊಂದುವುದಿಲ್ಲ. ಒಂದು ದೇಶದಲ್ಲಿ ಜೀವಂತ ಇರುವ ಕೋರ್ಸ್ ಪಕ್ಕದ ದೇಶದಲ್ಲಿ ಅವಧಿ ಮುಗಿದದ್ದು. 2015ರಲ್ಲಿ ಆರ್ಮೇನಿಯಾದ ಯೆರೆವಾನ್‌ನಲ್ಲಿ ಸೇರಿದ ಶಿಕ್ಷಣ ಸಚಿವರು ಕೊನೆಗೂ ‘ಯುರೋಪಿಯನ್ ಅಪ್ರೋಚ್’ಗೆ ಒಪ್ಪಿದರು: ಒಂದೇ ಸಂಸ್ಥೆ, ಕನಿಷ್ಠ ನಾಲ್ಕು ಜನರ ಒಂದು ತಂಡ, ಅದರಲ್ಲಿ ಒಬ್ಬ ವಿದ್ಯಾರ್ಥಿ, ಒಂದು ಭೇಟಿ, ಆರು ವರ್ಷದ ಮಾನ್ಯತೆ. ಇಷ್ಟು ಚೆನ್ನಾದ ಏರ್ಪಾಡನ್ನು ಬಳಸಲು ಬೇಕಾದದ್ದು ಆಯಾ ದೇಶದ ಕಾನೂನಿನ ತಿದ್ದುಪಡಿ ಮಾತ್ರ, ಮತ್ತು ಕೆಲವು ದೇಶಗಳು ದಶಕದಿಂದ ಅದರ ಬಗ್ಗೆ ಗಂಭೀರವಾಗಿ ಯೋಚಿಸುತ್ತಿವೆ. ಈ ನಡುವೆ 2024ರ ಮಾರ್ಚ್‌ನಲ್ಲಿ ಯುರೋಪಿಯನ್ ಆಯೋಗ ‘ಯುರೋಪಿಯನ್ ಪದವಿ’ಯ ನೀಲನಕ್ಷೆ ಹೊರತಂದಿತು. ಅದರ ಮೊದಲ ಹೆಜ್ಜೆಯಾಗಿ ಬರುವುದು ಲೇಬಲ್, ಇದ್ದ ಮುದ್ರೆಗಳ ಜೊತೆಗೆ ಇನ್ನೊಂದು.

ಪ್ರಮಾಣಪತ್ರದ ಅಚ್ಚು ಹಾಕುವಾಗಂತೂ ಲಗ್ನಪತ್ರಿಕೆಯ ಎಲ್ಲ ತಕರಾರುಗಳೂ ಬರುತ್ತವೆ. ಯಾರ ಲಾಂಛನ ಎಡಕ್ಕೆ, ಯಾರ ಹೆಸರು ಮೇಲೆ, ಯಾರ ಸಹಿ ಮೊದಲು, ಯಾವ ಭಾಷೆ. ಸ್ಪೇನಿನ ಅಧಿಕೃತ ಪದವಿ ಅಲ್ಲಿಯ ದೊರೆಯ ಹೆಸರಿನಲ್ಲೇ ಹೊರಡಬೇಕು, ಕುಲಪತಿ ಸಹಿ ಹಾಕುವುದು ಅವರ ಪರವಾಗಿ. ಅಸಲಿ ಪತ್ರ ಕೈಗೆ ಬರುವತನಕ ಅಲ್ಲಿ ‘ತಾತ್ಕಾಲಿಕ ಬದಲಿ ಪ್ರಮಾಣಪತ್ರ’ ಕೊಡುತ್ತಾರೆ. ನಮ್ಮಲ್ಲಿ ಘಟಿಕೋತ್ಸವದ ದಿನಾಂಕ ನಿಗದಿಯಾಗುವವರೆಗೆ ಪಿಡಿಸಿ ಎಂಬ ತಾತ್ಕಾಲಿಕ ಪದವಿ ಪತ್ರ. ಎರಡು ತಾತ್ಕಾಲಿಕಗಳನ್ನು ಕೂಡಿಸಿದರೆ ಒಂದು ಶಾಶ್ವತ ಆಗುವುದಿಲ್ಲ ಎಂಬುದು ವೀಸಾ ಕೌಂಟರಿನಲ್ಲಿ ತಿಳಿಯುತ್ತದೆ. ಇನ್ನು ಅಪೋಸ್ಟಿಲ್, ಅಂದರೆ ಪತ್ರ ಅಸಲಿ ಎಂದು ಬೇರೆ ದೇಶಕ್ಕೆ ಸಾರುವ ಸರ್ಕಾರಿ ದೃಢೀಕರಣ: ಪತ್ರ ಹೊರಟ ದೇಶವೇ ಅದನ್ನು ಅಂಟಿಸಬೇಕು. ನಮ್ಮ ವಿದೇಶಾಂಗ ಸಚಿವಾಲಯದ ಶುಲ್ಕ ಪತ್ರವೊಂದಕ್ಕೆ ಬರೀ 50 ರೂಪಾಯಿ, ಏಜೆನ್ಸಿಯದು ಬೇರೆ. ಆದರೆ ಎರಡು ದೇಶದವರು ಒಂದೇ ಹಾಳೆಗೆ ಸಹಿ ಹಾಕಿದಾಗ ಅದು ಹೊರಟದ್ದು ಯಾವ ದೇಶದಿಂದ? ನಮ್ಮವರು ನಮ್ಮ ಕುಲಪತಿಯ ಸಹಿಗೆ ಜವಾಬ್ದಾರರು, ಅವರವರು ಅವರದಕ್ಕೆ. ಹಾಳೆಗೆ ವಾರಸುದಾರರಿಲ್ಲ.

ಕೊನೆಯದು ಮಾನ್ಯತೆ. ಪದವಿಗಳ ಪರಸ್ಪರ ಮಾನ್ಯತೆಯ 1997ರ ಲಿಸ್ಬನ್ ಒಡಂಬಡಿಕೆಗೆ ಸೇರಿದ ದೇಶಗಳಲ್ಲಿ ಪದವಿಯನ್ನು ಒಪ್ಪದವರೇ ಅದರಲ್ಲಿ ಗಣನೀಯ ವ್ಯತ್ಯಾಸ ಇದೆಯೆಂದು ತೋರಿಸಬೇಕು. ನಮ್ಮಲ್ಲಿ ತೋರಿಸುವ ಹೊಣೆ ಓದಿದವನ ತಲೆಗೆ. ಬ್ರಿಟನ್ನಿನ ಒಂದು ವರ್ಷದ ಎಂ.ಎ. ನಮ್ಮ ಎಂ.ಎ.ಗೆ ಸಮನಲ್ಲ ಎಂದು ವರ್ಷಗಟ್ಟಲೆ ಹೇಳಿ, 2022ರ ಜುಲೈನಲ್ಲಿ ಎರಡು ಸರ್ಕಾರಗಳು ಒಪ್ಪಂದ ಮಾಡಿಕೊಂಡ ಮೇಲೆ ಸಮ ಎಂದೆವು. ಪಠ್ಯ ಆ ವಾರದಲ್ಲಿ ಬೆಳೆದಿರಲಿಲ್ಲ. ವಿದೇಶಿ ಪದವಿಗೆ ತತ್ಸಮಾನತೆ ಕೊಡುವ ಕೆಲಸ ಬಹುಕಾಲ ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟದ್ದಾಗಿತ್ತು, 2025ರ ಏಪ್ರಿಲ್‌ನಲ್ಲಿ ಯುಜಿಸಿಯೇ ಅದಕ್ಕೊಂದು ನಿಯಮಾವಳಿ ಹೊರಡಿಸಿತು. ಜಂಟಿ ಪದವಿಗೆ ಮಾತ್ರ ಇದಾವುದರ ಗೊಡವೆ ಇಲ್ಲ. 2022ರ ನಿಯಮಾವಳಿಯಡಿ ಕೊಟ್ಟದ್ದಾದರೆ ಅದು ಭಾರತೀಯ ಪದವಿಗೆ ನೇರ ಸಮಾನ, ಯಾವ ಪ್ರಾಧಿಕಾರದ ಮುಂದೆಯೂ ನಿಲ್ಲಬೇಕಿಲ್ಲ.

ಇದನ್ನು ನೇಮಕಾತಿಯ ಆನ್‌ಲೈನ್ ಅರ್ಜಿಗೆ ಯಾರಾದರೂ ತಿಳಿಸಬೇಕು. ‘ವಿಶ್ವವಿದ್ಯಾಲಯದ ಹೆಸರು’ ಎಂಬ ಕಾಲಂ ಅಲ್ಲಿ ಒಂದೇ. ನಮ್ಮ ವಿಶ್ವವಿದ್ಯಾಲಯವನ್ನು ಆರಿಸಿದರೆ, ದಾಖಲೆ ಪರಿಶೀಲನೆಯ ದಿನ ಎರಡನೇ ಲಾಂಛನ ಕಂಡು ‘ಇದೇನಿದು?’ ಎನ್ನುತ್ತಾರೆ. ವಿದೇಶಿ ಹೆಸರು ಆರಿಸಿದರೆ ಕೆಳಗೆ ಹೊಸ ಕಾಲಂ ತೆರೆದುಕೊಂಡು ತತ್ಸಮಾನತೆ ಪ್ರಮಾಣಪತ್ರದ ಸಂಖ್ಯೆ ಕೇಳುತ್ತದೆ, ಮುಂದೆ ಕೆಂಪು ನಕ್ಷತ್ರ, ತುಂಬಲೇಬೇಕು. ಬೇಕಿಲ್ಲ ಎಂದು ಕಾನೂನೇ ಹೇಳಿದ ಪತ್ರಕ್ಕೆ ಸಂಖ್ಯೆ ಎಲ್ಲಿಂದ ತರುವುದು? ಇನ್ನು ಉಳಿದಿರುವುದು ಪಟ್ಟಿಯ ಕೊನೆಯಲ್ಲಿರುವ ‘ಇತರೆ’. ಅದನ್ನು ಒತ್ತಿದರೆ ಶುಲ್ಕ ಪಾವತಿಯ ಪುಟ ಯಾವ ತಕರಾರೂ ಇಲ್ಲದೆ ತೆರೆದುಕೊಳ್ಳುತ್ತದೆ.