ಇಸಿಜಿ ಕ್ಯೂಗಿಂತ ಮೊದಲು ಉಪ್ಪಿನ ಪ್ಯಾಕೆಟ್ ನೋಡಿ

2025ರ ಜೂನ್–ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ಟಿವಿ ತುಂಬಾ ಓಡಿದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿದರು. ಹೆದರಿಕೆ ಸಹಜ. ಆದರೆ ಮಲಗಿಸಿ ತೆಗೆಯುವ ಇಸಿಜಿ ಆ ಹೊತ್ತಿನದನ್ನಷ್ಟೇ ಹೇಳುತ್ತದೆ; ರಕ್ತನಾಳದಲ್ಲಿ ಕೊಬ್ಬು ಕಟ್ಟಿದ್ದರೂ ನಾರ್ಮಲ್ ಬರಬಹುದು. ರಿಪೋರ್ಟ್ ಜೇಬಿಗಿಟ್ಟು ಗೇಟಿನಾಚೆ ಸಿಗರೇಟು ಹಚ್ಚಿದರೆ ಆ ಕ್ಯೂ ದಂಡ.

ಶುರು ಮಾಡಬೇಕಾದ್ದು ಉಪ್ಪಿನ ಡಬ್ಬಿಯಿಂದ. ದೊಡ್ಡವರೊಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಹೆಚ್ಚೂಕಡಿಮೆ ಒಂದು ಟೀ ಚಮಚ. ಚಮಚದಲ್ಲಿ ಅಳೆದು ಅಡುಗೆ ಮಾಡುವವರು ಯಾರಿದ್ದಾರೆ? ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಡಿ, ಸಾಕು. ನಾಲ್ವರು ದೊಡ್ಡವರಿರುವ ಮನೆಗೆ 1 ಕೆ.ಜಿ. 50 ದಿನ ಬರಬೇಕು. 25 ದಿನಕ್ಕೇ ಖಾಲಿಯಾದರೆ ದುಪ್ಪಟ್ಟು ಹೋಗುತ್ತಿದೆ. ಅಂಗಡಿ ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ ಈ ಲೆಕ್ಕಕ್ಕೇ ಸೇರಿಲ್ಲ.

ಉಪ್ಸಾರು ಬಿಡಿ ಅಂತ ಹಾಸನದವರಿಗೆ ಹೇಳೋಕಾಗುತ್ತಾ? ಬೇಕಾಗಿಯೂ ಇಲ್ಲ. ಮುದ್ದೆ, ಸೊಪ್ಪು, ಕಾಳು ಒಳ್ಳೆಯ ಊಟವೇ. ಸಾರಿಗೆ ಉಪ್ಪು ಬಿದ್ದಿರುತ್ತದಲ್ಲ, ಅರೆಯುವ ಖಾರಕ್ಕೆ ಮತ್ತೆ ಹಾಕಬೇಡಿ; ಹುಳಿ, ಮೆಣಸು ಒಂದಿಷ್ಟು ಮುಂದಿರಲಿ. ಒಂದೇ ದಿನ ಅರ್ಧಕ್ಕಿಳಿಸಿದರೆ ಎಲ್ಲರೂ ಮೇಲುಪ್ಪು ಕೇಳುತ್ತಾರೆ. ವಾರವಾರ ಚೂರುಚೂರೇ ಇಳಿಸಿದರೆ ನಾಲಿಗೆ ಒಗ್ಗುತ್ತದೆ. ಪೊಟ್ಯಾಸಿಯಂ ಬೆರೆತ 'ಲೋ ಸೋಡಿಯಂ' ಉಪ್ಪು ಮಾತ್ರ ಕಿಡ್ನಿ ತೊಂದರೆಯವರಿಗೆ, ಕೆಲವು ಬಿಪಿ ಮಾತ್ರೆ ನುಂಗುವವರಿಗೆ ಅಪಾಯ. ಡಾಕ್ಟರನ್ನು ಕೇಳದೆ ತರಬೇಡಿ.

ಬಿಪಿ ಮನೆಯಲ್ಲೇ ನೋಡುವವರು ಹೆಚ್ಚಾಗಿದ್ದಾರೆ, ಕ್ರಮ ತಪ್ಪುವವರೂ ಅಷ್ಟೇ. ಕಾಫಿ, ಬೀಡಿ ಆಗಿ ಅರ್ಧ ಗಂಟೆ ಕಳೆದಿರಬೇಕು. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಿ. ಬಿಪಿ ಯಂತ್ರದ ಪಟ್ಟಿ ಬರಿ ತೋಳಿಗೆ, ಎದೆಯ ಮಟ್ಟಕ್ಕೆ. ತೋಳು ಜೋತುಬಿದ್ದರೂ, ಪಟ್ಟಿ ಚಿಕ್ಕದಾದರೂ, ನಡುವೆ ಮಾತಾಡಿದರೂ ಅಂಕಿ ಏರುತ್ತದೆ. ಒಂದು ನಿಮಿಷ ಬಿಟ್ಟು ಎರಡು ಸಲ, ಬೆಳಿಗ್ಗೆ ಸಂಜೆ, ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ 135/85 ಮುಟ್ಟಿದರೆ ಅಂಕಿ ಬರೆದಿಟ್ಟ ಚೀಟಿ ಸಮೇತ ಡಾಕ್ಟರ ಹತ್ತಿರ ಹೋಗಿ. ಮಾತ್ರೆ ನುಂಗಿ ಮೇಲಿನ ಅಂಕಿ 120 ಬಂತೆಂದರೆ ಮಾತ್ರೆ ಕೆಲಸ ಮಾಡುತ್ತಿದೆ ಅಂತ. ರೋಗ ಹೋಯಿತು ಅಂತಲ್ಲ.

'ದಿನವೆಲ್ಲ ತೋಟದಲ್ಲೇ ಇರ್ತೀನಿ, ವಾಕಿಂಗ್ ಯಾಕೆ' ಅನ್ನುವವರು ಸಕಲೇಶಪುರದ ಕಡೆ ತುಂಬಾ. ಬೈಕಿನಲ್ಲಿ ಸುತ್ತಿ ಆಳುಗಳ ಕೆಲಸ ನೋಡುವುದು ನಡಿಗೆಯಲ್ಲ ಸ್ವಾಮಿ. ವಾರಕ್ಕೆ 150 ನಿಮಿಷ, ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ಬಿರುಸು. ಹಾಸನದ ಮಹಾರಾಜ ಪಾರ್ಕಿನಲ್ಲಿ ಗುಂಪಾಗಿ ಹರಟುತ್ತಾ ತೆವಳುವುದು ಇದಕ್ಕೆ ಸಲ್ಲದು.

ಎಲೆಅಡಿಕೆ ಜೊತೆಗಿನ ಹೊಗೆಸೊಪ್ಪೂ ತಂಬಾಕೇ. ಅದಕ್ಕೆ ರಿಯಾಯಿತಿ ಇಲ್ಲ.

ಇನ್ನು ಎದೆ ಹಿಂಡಿ, ತಣ್ಣನೆ ಬೆವರಿ, ನೋವು ದವಡೆಗೋ ತೋಳಿಗೋ ಹರಿದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಯುತ್ತಾ ಕೂರಬೇಡಿ, ಬೈಕ್ ಏರಲೂ ಬೇಡಿ. 108ಕ್ಕೆ ಫೋನ್ ಮಾಡಿ.